ಮಳೆಗಾಲ, ನಾಲ್ಕು ವರ್ಷದ ಮಗು, 32 ಪುಟದ ಚಿತ್ರಪುಸ್ತಕ: ದಿನ ಹೇಗೆ ಹೊಂದಿಸುವುದು?

ಜಗಲಿಕಟ್ಟೆ (ಶಿರಸಿ):
ಎಲ್ಲರಿಗೂ ನಮಸ್ಕಾರ. 32 ಪುಟದ ಮಕ್ಕಳ ಪುಸ್ತಕಕ್ಕೆ ಜಲವರ್ಣದ ಚಿತ್ರ ಮಾಡಬೇಕು. ಜೋಡಿಪುಟದ ಚಿತ್ರಗಳೇ 14. ಪೆನ್ಸಿಲ್ ಕೆಲಸ ಜೂನ್‌ನಲ್ಲಿ, ಬಣ್ಣ ಜುಲೈ-ಆಗಸ್ಟ್‌ನಲ್ಲಿ. ಮಗು ಅಂಗನವಾಡಿಗೆ ಹೋದಾಗ 10ರಿಂದ 12 ಸಿಗುತ್ತದೆ, ರಾತ್ರಿ ಅದು ಮಲಗಿದ ಮೇಲೆ ಒಂದು ಗಂಟೆ. ಅತ್ತೆಗೆ ಮೊಣಕಾಲು ನೋವು, ಮಗುವಿನ ಹಿಂದೆ ಓಡಲಾಗದು. ಈ ತುಂಡು ಸಮಯದಲ್ಲಿ ಯಾವ ಕೆಲಸ ಎಲ್ಲಿಡಬೇಕು? ಬಣ್ಣ ಒಣಗದಿದ್ದರೆ ಏನು ಮಾಡುತ್ತೀರಿ?

ಮಸಿಕುಡಿಕೆ (ಯಲ್ಲಾಪುರ):
ಗಂಟೆ ಎಣಿಸುವುದಕ್ಕಿಂತ ಮೊದಲು ಒಂದು ಪಟ್ಟಿ ಮಾಡಿ: ನಡುವೆ ಎದ್ದರೆ ಕೆಡುವ ಕೆಲಸ ಯಾವುದು, ಕೆಡದ್ದು ಯಾವುದು. ಕೆಡುವಂಥದ್ದು ನಿಜಕ್ಕೂ ಒಂದೇ, ಆಕಾಶ, ಗದ್ದೆ, ಗೋಡೆಯಂಥ ದೊಡ್ಡ ಜಾಗಕ್ಕೆ ಹಾಕುವ ಮೊದಲ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ. ಅರ್ಧಕ್ಕೆ ಬಿಟ್ಟರೆ ತುದಿ ಒಣಗಿ ಗಟ್ಟಿ ಗೆರೆ ನಿಲ್ಲುತ್ತದೆ, ಮತ್ತೆ ಅಳಿಸಲಾಗದು. ಅದಕ್ಕೆ ಬೇಕಾದದ್ದು 15-20 ನಿಮಿಷ ಅಷ್ಟೇ. ಹಾಗಾಗಿ 10 ಗಂಟೆಯ ಹೊತ್ತನ್ನು ಅದಕ್ಕೇ ಮೀಸಲಿಡಿ. ಮಿಂಚಂಚೆ, ಫೋನು, ಪೆನ್ಸಿಲ್ ಯಾವುದೂ ಆ ಹೊತ್ತಿಗೆ ಬೇಡ.

ಮಳೆಗಾಲವನ್ನು ಎಲ್ಲರೂ ಬೈಯುತ್ತಾರೆ, ಆದರೆ ಮೊದಲ ವಾಶ್‌ಗೆ ಅದು ಒಳ್ಳೆಯದೇ. ಗಾಳಿಯಲ್ಲಿ ತೇವ ಇರುವುದರಿಂದ ತುದಿ ಬೇಗ ಒಣಗುವುದಿಲ್ಲ, ಕೈಗೆ ಸಮಯ ಸಿಗುತ್ತದೆ. ತೊಂದರೆ ಬರುವುದು ಎರಡನೇ ಪದರಕ್ಕೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅದರ ಮೇಲೆ ಕುಂಚ ಇಟ್ಟರೆ ನೀರು ಹಿಂದಕ್ಕೆ ನುಗ್ಗಿ ಹೂಕೋಸಿನಂಥ ಕಲೆ ಏಳುತ್ತದೆ. ಕೈಯ ಹಿಂಭಾಗ ಕಾಗದಕ್ಕೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ ಇದೆ ಎಂದರ್ಥ.

15×22 ಇಂಚಿನ ಅರ್ಧ ಹಾಳೆ ಹಿಡಿಸುವ ಪ್ಲೈವುಡ್ ಹಲಗೆ ಎರಡು ಇಟ್ಟುಕೊಳ್ಳಿ, 12 ಮಿ.ಮೀ. ದಪ್ಪದ್ದು. ಒಂದರ ಮೇಲೆ ವಾಶ್ ಹಾಕಿ ಮೆತ್ತಿನಲ್ಲಿ (ಮಹಡಿಯಲ್ಲಿ) ಸಪಾಟಾಗಿ ಮಲಗಿಸಿ ಬನ್ನಿ. ಓರೆ ಇಟ್ಟರೆ ಬಣ್ಣ ಒಂದು ಬದಿಗೆ ಇಳಿಯುತ್ತದೆ. ಉಳಿದ ಹೊತ್ತಿನಲ್ಲಿ ನಿನ್ನೆ ಒಣಗಿದ ಎರಡನೇ ಹಲಗೆಯ ಸಣ್ಣ ಕೆಲಸ ನಡೆಯಲಿ. ಅನ್ನ-ಸಾರು, ಮಗುವಿನ ಊಟ, ಪಾತ್ರೆ ಮುಗಿಯುವಷ್ಟರಲ್ಲಿ ಮೊದಲನೆಯದು ಒಣಗುತ್ತಿರುತ್ತದೆ. ಹೇರ್ ಡ್ರೈಯರ್ ಬಳಸುವುದಾದರೆ ಹಸಿಯ ಹೊಳಪು ಪೂರ್ತಿ ಹೋದ ಮೇಲೆ, ಒಂದಡಿ ದೂರದಿಂದ, ಕಡಿಮೆ ಬಿಸಿಯಲ್ಲಿ. ಹೊಳಪಿರುವಾಗಲೇ ಊದಿದರೆ ಬಣ್ಣ ಜರುಗುತ್ತದೆ.

ರಾತ್ರಿ ಬಣ್ಣ ಕಲಸಬೇಡಿ. ಹಳದಿ ಬಲ್ಬಿನಡಿ ಹಳದಿ ತೆಳುವಾಗಿ ಕಾಣುತ್ತದೆ, ಕೈ ಹೆಚ್ಚು ಹಾಕಿಬಿಡುತ್ತದೆ. ಪೆನ್ಸಿಲ್ ಗೆರೆ ಇಳಿಸುವುದು, ಟೇಪ್ ಅಂಟಿಸುವುದು, ಸ್ಕ್ಯಾನ್ ಮಾಡುವುದು ರಾತ್ರಿಗಿರಲಿ. ಪುಸ್ತಕದುದ್ದಕ್ಕೂ ಬರುವ ಬಣ್ಣವನ್ನು, ಉದಾಹರಣೆಗೆ ನಾಯಕಿಯ ಲಂಗದ ಕೆಂಪನ್ನು, ಒಂದೇ ಸಲ ಹೆಚ್ಚು ಕಲಸಿಡಿ. ಅದೇ ಕಾಗದದ ತುಂಡಿನ ಮೇಲೆ ಆ ಬಣ್ಣ ಹಚ್ಚಿ, ಯಾವ ಬಣ್ಣ ಎಷ್ಟು ಪಾಲು ಎಂಬ ಲೆಕ್ಕವನ್ನು ಪಕ್ಕದಲ್ಲಿ ಬರೆಯಿರಿ. ಕಲಸಿದ್ದು ಪೂರ್ತಿ ಒಣಗುವವರೆಗೆ ಮುಚ್ಚಳ ಹಾಕಬೇಡಿ, ಬಣ್ಣದೊಳಗಿನ ಗೋಂದಿಗೆ ಬೂಸ್ಟು ಬರುತ್ತದೆ.

ಕಾಳಿದಂಡೆ (ಕಾರವಾರ):
ಮೇಲಿನವರು ಕಾಗದದ ವಿಷಯ ಹೇಳಲಿಲ್ಲ, ಕರಾವಳಿ-ಮಲೆನಾಡಿನಲ್ಲಿ ಅದೇ ಮುಖ್ಯ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ಮೇ ತಿಂಗಳಲ್ಲೇ ತಂದು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಕಾಗದದ ಮೇಲಿನ ತೆಳು ಅಂಟು ತೇವಕ್ಕೆ ಕೆಟ್ಟರೆ ಬಣ್ಣ ಅಲ್ಲಲ್ಲಿ ಮಸಿ ಹೀರುವ ಕಾಗದಕ್ಕೆ ಇಳಿದಂತೆ ಹೀರಿಕೊಂಡು ಕಪ್ಪು ಚುಕ್ಕೆ ಬೀಳುತ್ತದೆ. ಬಣ್ಣ ಹಾಕಿದ ಮೇಲೆಯೇ ಇದು ಗೊತ್ತಾಗುವುದು, ಅದೇ ಸಂಕಟ. ಆದ್ದರಿಂದ ಮೊದಲೇ ಮೂಲೆಯಲ್ಲಿ ಬರೀ ನೀರಿನ ಕುಂಚ ಎಳೆದು ನೋಡಿ. ನೀರು ಮೇಲೆ ನಿಂತರೆ ಸರಿ, ತಕ್ಷಣ ಇಂಗಿದರೆ ಆ ಹಾಳೆಯನ್ನು ಮಗುವಿಗೆ ಕೊಡಿ.

ಡಬ್ಬಿಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ. ತೇವ ಹೀರಿದಾಗ ಹಸಿರಾಗುತ್ತದೆ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಜೆಲ್ ಮಾತ್ರ ಮಗು ಇರುವ ಮನೆಗೆ ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಕಾಗದ ಅಲ್ಲಿಡಬೇಡಿ, ಹೊಗೆಗೆ ಹಳದಿಯಾಗುತ್ತದೆ.

ಜಗಲಿಕಟ್ಟೆ:
ತುಂಬಾ ಉಪಕಾರ. ವಾಶ್ ನಡುವೆ ಮಗು ಬಂದುಬಿಟ್ಟರೆ? ಮತ್ತೆ, ಪ್ರಕಾಶಕರು ಆಗಸ್ಟ್ 31 ಕೇಳುತ್ತಿದ್ದಾರೆ.

ಮಸಿಕುಡಿಕೆ:
ಇಡೀ ಹಾಳೆಗೆ ಸ್ವಚ್ಛ ನೀರು ಹಚ್ಚಿ, ಹಲಗೆ ಎತ್ತಿಟ್ಟು ಬನ್ನಿ. ಗೆರೆ ನಿಲ್ಲುವುದಿಲ್ಲ, ಬಣ್ಣ ಮಸುಕಾಗುತ್ತದೆ ಅಷ್ಟೇ. ನಾಳೆ ಆ ಮಸುಕಿನ ಮೇಲೆಯೇ ಹಾಕಬಹುದು. ಮಗುವಿನ ಕೈಗೆ ಸಿಗುವಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಟ್ಯೂಬ್ ಇಡಬೇಡಿ. ಕುಂಚದ ನೀರಿಗೆ ಲೋಟ ಬೇಡವೇ ಬೇಡ, ಅಗಲ ಬಾಯಿಯ ಉಪ್ಪಿನಕಾಯಿ ಜಾಡಿ ಇಡಿ. ಲೋಟ ಕಂಡರೆ ಮಗು ಕುಡಿಯಲು ಎತ್ತುತ್ತದೆ.

ತೋಟದಂಚು (ಸಿದ್ದಾಪುರ):
ಆಗಸ್ಟ್ 31 ಒಪ್ಪಬೇಡಿ, ಲೆಕ್ಕ ಹಾಕಿ ತೋರಿಸಿ. 14 ಚಿತ್ರ, ಒಂದಕ್ಕೆ ಮೂರು ಕೂರು (ಒಮ್ಮೆ ಕೂತು ಮಾಡುವಷ್ಟು ಕೆಲಸ) ಎಂದರೆ 42. ವಾರಕ್ಕೆ ಐದು ಕೂರು ಸಿಕ್ಕರೆ ಎಂಟೂವರೆ ವಾರ. ಜುಲೈ 1ರಿಂದ ಆಗಸ್ಟ್ 31ಕ್ಕೆ ಒಂಬತ್ತು ವಾರವೂ ಇಲ್ಲ. ಮಗುವಿಗೆ ಜ್ವರ, ಮೂರು ದಿನ ಕರೆಂಟಿಲ್ಲದ ಮಳೆ, ನೆಂಟರು, ಇವಕ್ಕೆ ಮೂರನೇ ಒಂದು ಪಾಲು ಸೇರಿಸಿದರೆ ಹನ್ನೊಂದು ವಾರ ದಾಟುತ್ತದೆ. ಚಕ್ಕುಲಿ ಕಂಬಳ (ನೆರೆಯವರೆಲ್ಲ ಸೇರಿ ಹಬ್ಬದ ಚಕ್ಕುಲಿ ಸುತ್ತುವುದು), ಚೌತಿಗೆ ಇನ್ನೊಂದು ವಾರ ಹೋಗುತ್ತದೆ, ಆ ವಾರ ಮನೆಯಲ್ಲಿ ಹಲಗೆ ಇಡಲೂ ಜಾಗ ಇರುವುದಿಲ್ಲ. ಸೆಪ್ಟೆಂಬರ್ ಕೊನೆ ಎಂದು ಕೇಳಿ. ಅದಕ್ಕಿಂತ ತಡವಾಗಿ ಹೋಗುವುದೂ ಬೇಡ, ಅಡಿಕೆಯ ಕೊನೆಕೊಯ್ಲು ಶುರುವಾದರೆ ಮನೆಯಲ್ಲಿ ಯಾರ ಕೈಯೂ ಬಿಡುವಿರದು.

ತಿದ್ದುಪಡಿಯ ಮಾತು ಪೆನ್ಸಿಲ್ ಹಂತದಲ್ಲೇ ಮುಗಿಯಲಿ. ಎರಡು ಸಲ ಉಚಿತ, ಬಣ್ಣ ಹಾಕಿದ ಮೇಲೆ ಬದಲಿಸಿದರೆ ಚಿತ್ರಕ್ಕಿಷ್ಟು ಎಂದು ಬರೆಸಿಕೊಳ್ಳಿ. ಚಿತ್ರಗಳ ಹಕ್ಕಿನ ಅವಧಿಯನ್ನೂ ಬರೆಸಿ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದು ಐದು ವರ್ಷ ಎಂದಾಗುತ್ತದೆ. ಇದನ್ನೆಲ್ಲ ಬರೆದು ಪೆನ್ಸಿಲ್ ಶುರು ಮಾಡುವ ಮೊದಲೇ, ಈ ವಾರವೇ ಪ್ರಕಾಶಕರಿಗೆ ಕಳಿಸಿ.