ಸಹಾಯ ಬೇಕು: ಅಪ್ಪನ ಸ್ಟ್ಯಾಂಪ್ ಆಲ್ಬಂ ಉಳಿಸಿಕೊಳ್ಳಬೇಕು

ಅಪ್ಪ ತೀರಿಕೊಂಡ ಮೇಲೆ ಮೊನ್ನೆ ಮೊದಲ ಸಲ ನಮ್ಮಿಬ್ಬರ ಸ್ಟ್ಯಾಂಪ್ ಆಲ್ಬಂ ತೆರೆದೆ. ಪ್ಲಾಸ್ಟಿಕ್ ಹಾಳೆಗಳು ಅಂಟಂಟಾಗಿವೆ, ಪಿವಿಸಿ ಇರಬೇಕು. ಬಳಸಿದ ಸ್ಟ್ಯಾಂಪುಗಳನ್ನು ನೀರಲ್ಲಿ ನೆನೆಸಿ ಬಿಡಿಸೋದು ಗೊತ್ತು, ಅಪ್ಪನೇ ಕಲಿಸಿದ್ದು. ತಟ್ಟೆಯಲ್ಲಿ ತೇಲಿಬಿಟ್ಟು, ಕಾಗದ ತಾನಾಗಿ ಬಿಡುವವರೆಗೂ ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದರು. ಬ್ರಿಟನ್ನಿನ ಸ್ಟ್ಯಾಂಪಲ್ಲಿ ದೇಶದ ಹೆಸರೇ ಯಾಕಿಲ್ಲ ಅಂದಾಗ, 1840ರಲ್ಲಿ ಎಲ್ಲರಿಗಿಂತ ಮೊದಲು ತಂದವರು ಅವರೇ ಅಂತ ಹೇಳಿದ್ದೂ ಆಗಲೇ.

ಈಗ ಕಚ್ಚಿಕೊಂಡಿರುವುದು ಬಳಸದವು. ಹಿಂದೆ ಗೋಂದು ಹಾಗೇ ಇದೆ, ನೀರು ತಾಗಿಸುವಂತಿಲ್ಲ. ಗೋಂದು ಕೆಡದಂತೆ ಬಿಡಿಸಿದ ಅನುಭವ ಯಾರಿಗಾದರೂ ಇದೆಯಾ? ಆಮೇಲೆ ಇಡಲು ಪಾಲಿಯೆಸ್ಟರ್ ಹಾಳೆ ಸಾಕಾ?

ಅಪ್ಪ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಟ್ಟ ಕಾಗದದ ಚೂರುಗಳೂ ಜೊತೆಗೇ ಅಂಟಿವೆ. ಸ್ಟ್ಯಾಂಪ್ ಹರಿದರೂ ಪರವಾಗಿಲ್ಲ, ಆ ಅಕ್ಷರ ಅಳಿಸಬಾರದು.