ಮರದ ಹುಡಿ ಹಾಕಿದ ಮಡಿಯಲ್ಲಿ ಬದನೆ ಹಳದಿ, ಅಲಸಂದೆ ಹಸಿರು: ಸಾರಜನಕ ಎಲ್ಲಿ ಹೋಯಿತು?

ನಿವೃತ್ತ ಅಕ್ಕೋರು, ಶಿರಸಿ ಸೀಮೆ

ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಸಾರಜನಕ ಚಕ್ರದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಕಪ್ಪುಹಲಗೆಯ ಮೇಲೆ ಬರೆಯಬಲ್ಲೆ. ಮೇಲೆ ಮೋಡ, ಮಿಂಚು; ಕೆಳಗೊಂದು ಹಸು, ಪಕ್ಕದಲ್ಲಿ ಅವರೆ ಗಿಡ; ಸುತ್ತ ಬಾಣಗಳು. ಈಗ ನನ್ನ ಹಿತ್ತಲಿನ ಬದನೆ ಗಿಡಗಳು ಆ ಚಿತ್ರವನ್ನು ಒಪ್ಪುತ್ತಿಲ್ಲ.

ಮೇ ಕೊನೆಯಲ್ಲಿ ಮರ ಕೊಯ್ಯುವ ಮಿಲ್ಲಿನಿಂದ ಎಂಟು ಚೀಲ ಹುಡಿ ತಂದೆ. ಪುಕ್ಕಟೆ ಸಿಕ್ಕಿತು, ಮೋಸ ಹೋದದ್ದು ಅಲ್ಲೇ. ಜಿಗುಟು ಮಣ್ಣು ಸಡಿಲವಾಗಲಿ ಎಂದು ಆರು ಚೀಲವನ್ನು ಎರಡು ಮಡಿಗಳಿಗೆ ಬೆರೆಸಿ, ಜೂನ್ ಎರಡನೇ ವಾರ ಒಂದರಲ್ಲಿ ಬದನೆ ಸಸಿ ನೆಟ್ಟೆ, ಇನ್ನೊಂದರಲ್ಲಿ ಅಲಸಂದೆ ಬೀಜ ಊರಿದೆ. ಮೂರು ವಾರಕ್ಕೆ ಬದನೆಯ ಕೆಳಗಿನ ಎಲೆಗಳು ಹಳದಿಯಾದವು, ಗಿಡ ಗೇಣುದ್ದಕ್ಕೇ ನಿಂತಿತು. ಗಾಬರಿಯಾಗಿ ಬುಡಕ್ಕೆ ಯೂರಿಯಾ ಎರಚಿದೆ. ಅಂದು ರಾತ್ರಿ ಹಿಡಿದ ಮಳೆ ನಾಲ್ಕು ದಿನ ಬಿಡಲಿಲ್ಲ, ಮಡಿಯ ಮೇಲೆ ನೀರು ನಿಂತಿತು. ಯೂರಿಯಾ ಹಾಕಿದ ಗುರುತೂ ಇಲ್ಲ. ಅಲಸಂದೆ ಮಾತ್ರ ಅದೇ ಹುಡಿಯಲ್ಲಿ, ಅದೇ ಮಳೆಯಲ್ಲಿ ಕಡು ಹಸಿರಾಗಿ ಬಳ್ಳಿ ಚಾಚುತ್ತಿದೆ.

ಅತ್ತೆಗೆ ಎಂಬತ್ತಾರು. "ಕೊಟ್ಟಿಗೆ ಕಾಣದ ಹುಡಿ ತೋಟಕ್ಕೆ ಹೋಗಬಾರದು" ಎಂದಷ್ಟೇ ಹೇಳಿ ಒಳಗೆ ಹೋದರು. ಕಾರಣ ಕೇಳಿದರೆ ಹೇಳುವವರಲ್ಲ. ನನಗೆ ಕಾರಣವೇ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, ಯೂರಿಯಾದಲ್ಲಿ ನೂರಕ್ಕೆ 46. ಇಷ್ಟರ ನಡುವೆ ನಿಂತ ಬದನೆಗೆ ಸಾರಜನಕದ ಬರ ಹೇಗೆ ಬಂತು?

ಗುಲಾಬಿ ಪ್ರಿಯ

ಕಬ್ಬಿಣದ ಕೊರತೆ ಇರಬಹುದು. ಲಘು ಪೋಷಕಾಂಶದ ಪುಡಿ ಸಿಂಪಡಿಸಿ ನೋಡಿ. ನಮ್ಮ ಗುಲಾಬಿಗೂ ಹೀಗೇ ಆಗಿತ್ತು.

ಮಣ್ಣು ಮಾಸ್ತರು

ಕಬ್ಬಿಣವಲ್ಲ. ಕಬ್ಬಿಣ ಕಡಿಮೆಯಾದರೆ ಮೊದಲು ಬಿಳಿಚಿಕೊಳ್ಳುವುದು ತುದಿಯ ಎಳೆಯ ಎಲೆ. ಅಕ್ಕೋರು ಹೇಳಿದ್ದು ಕೆಳಗಿನ ಎಲೆ. ಸಾರಜನಕ ಸಾಲದಾದಾಗ ಗಿಡ ತನ್ನ ಹಳೆಯ ಎಲೆಗಳಿಂದ ಅದನ್ನು ಬಿಚ್ಚಿಕೊಂಡು ಚಿಗುರಿಗೆ ಕಳಿಸುತ್ತದೆ.

ಅಕ್ಕೋರೇ, ನಿಮ್ಮ ಚಿತ್ರ ಸುಳ್ಳಲ್ಲ. ಅದರಲ್ಲಿ ಬಾಣಗಳೆಲ್ಲ ಒಂದೇ ದಪ್ಪ ಇರುವುದು ತೊಂದರೆ. ಯಾವ ಬಾಣ ಒಂದು ವಾರದ್ದು, ಯಾವುದು ಒಂದು ವರ್ಷದ್ದು ಎಂದು ಅದು ಹೇಳುವುದಿಲ್ಲ. ಲೆಕ್ಕ ಹಾಕೋಣ. ಹತ್ತು ಕಿಲೋ ಒಣ ಹುಡಿಯಲ್ಲಿ ಇಂಗಾಲ ಸುಮಾರು ಐದು ಕಿಲೋ, ಸಾರಜನಕ ಬರೀ ಹತ್ತಿಪ್ಪತ್ತು ಗ್ರಾಂ. ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ತಿಂದ ಇಂಗಾಲದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಉಸಿರಾಗಿ ಗಾಳಿಗೆ ಬಿಡುತ್ತವೆ, ಉಳಿದದ್ದರಿಂದ ಮೈ ಕಟ್ಟಿಕೊಳ್ಳುತ್ತವೆ. ಆ ಮೈಗೆ ಎಂಟು ಪಾಲು ಇಂಗಾಲಕ್ಕೆ ಹೆಚ್ಚುಕಡಿಮೆ ಒಂದು ಪಾಲು ಸಾರಜನಕ ಬೇಕು. ಹುಡಿ ಪೂರ್ತಿ ಕೊಳೆಯುವಷ್ಟರಲ್ಲಿ ಒಟ್ಟು ಇನ್ನೂರು ಗ್ರಾಂನಷ್ಟು ಸಾರಜನಕ ಬೇಕಾಗುತ್ತದೆ. ಹುಡಿಯಲ್ಲಿ ಅದಿಲ್ಲ, ಆದ್ದರಿಂದ ಮಣ್ಣಿನದನ್ನು ಎತ್ತಿಕೊಳ್ಳುತ್ತವೆ. ಅಡಿಕೆ ಮರವೊಂದಕ್ಕೆ ಶಿಫಾರಸು ಮಾಡುವುದು ವರ್ಷಕ್ಕೆ 100 ಗ್ರಾಂ ಸಾರಜನಕ. ಹತ್ತು ಕಿಲೋ ಹುಡಿಯೆಂದರೆ ಎರಡು ಮರಗಳ ಊಟ, ಮತ್ತು ನೀವು ಹಾಕಿದ್ದು ಆರು ಚೀಲ! ಹುಡಿ ಒಂದೇ ಮಳೆಗಾಲದಲ್ಲಿ ಕೊಳೆತು ಮುಗಿಯುವುದಿಲ್ಲ ನಿಜ, ಆದರೆ ಬೆಚ್ಚಗೆ ತೇವವಾಗಿರುವ ಮೊದಲ ವಾರಗಳಲ್ಲೇ ಈ ಕಸಿದಾಟ ಜೋರು. ನಿಮ್ಮ ಬದನೆಯ ಎಳೆ ಬೇರು ಇಳಿದದ್ದೂ ಆಗಲೇ. ಮಣ್ಣಿನೊಳಗಿನ ಈ ಪೈಪೋಟಿಯಲ್ಲಿ ಬೇರು ಬೇಗ ಗೆಲ್ಲುವುದಿಲ್ಲ.

ಅಲಸಂದೆ ಈ ಜಗಳಕ್ಕೇ ಬರಲಿಲ್ಲ. ಅದರ ಬೇರುಗಂಟಿನಲ್ಲಿ ಬಾಡಿಗೆಗಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ನೇರವಾಗಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಗಾಳಿಯಲ್ಲಿ ಎರಡೆರಡು ಸಾರಜನಕದ ಪರಮಾಣುಗಳು ಮೂರು ಬಂಧಗಳಲ್ಲಿ ಬಿಗಿದುಕೊಂಡಿರುತ್ತವೆ. ಅದನ್ನು ಬಿಡಿಸುವ ಕಿಣ್ವ ಬದನೆಯಲ್ಲಿಲ್ಲ. ಒಂದು ಅಲಸಂದೆ ಗಿಡವನ್ನು ಮೆಲ್ಲನೆ ಅಗೆದು, ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ. ಬೂದು ಅಥವಾ ಹಸಿರಾಗಿದ್ದರೆ ಇಲ್ಲ.

ಕರಾವಳಿ ಗದ್ದೆ

ಯೂರಿಯಾದ ಕಥೆ ನಾನು ಹೇಳುತ್ತೇನೆ, ನಮ್ಮ ಗದ್ದೆಯಲ್ಲಿ ಇದನ್ನು ವರ್ಷವರ್ಷ ಕಾಣುತ್ತೇವೆ. ದಿನಕ್ಕೆ 100 ಮಿ.ಮೀ. ಮಳೆ ಎಂದರೆ ಪ್ರತಿ ಚದರ ಮೀಟರಿಗೆ 100 ಲೀಟರ್, ಏಳೆಂಟು ಕೊಡ ನೀರು. ಯೂರಿಯಾ ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಅಮೋನಿಯಂ ಎಂಬ ಸಾರಜನಕದ ರೂಪಕ್ಕೆ ಬರುವವರೆಗೆ ಮಣ್ಣು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಕೆಲವು ದಿನ ಬೇಕು, ನಿಮಗೆ ಸಿಕ್ಕಿದ್ದು ಕೆಲವೇ ಗಂಟೆ. ಅಮೋನಿಯಂ ಮುಂದೆ ನೈಟ್ರೇಟ್ ಆದ ಮೇಲೂ ಇದೇ ಗತಿ: ಜೇಡಿಯ ಕಣಕ್ಕೂ ನೈಟ್ರೇಟಿಗೂ ಒಂದೇ ಋಣ ವಿದ್ಯುದಂಶ, ಒಂದನ್ನೊಂದು ತಳ್ಳುತ್ತವೆ. ಬಸಿದ ನೀರಿನ ಜೊತೆ ಅದು ಹಳ್ಳಕ್ಕೆ ಹೋಗುತ್ತದೆ, ಇಲ್ಲವೇ ಬಾವಿಗೆ.

ನೀರು ನಿಂತಲ್ಲಿ ಇನ್ನೊಂದು ದಾರಿ ತೆರೆಯುತ್ತದೆ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ ಸಾರಜನಕವನ್ನು ಮತ್ತೆ ಗಾಳಿಗೆ ಬಿಡುತ್ತವೆ. ಸ್ವಲ್ಪ ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ಮೊದಲು ಬಸಿಗಾಲುವೆ ತೋಡಿ, ಗೊಬ್ಬರದ ಮಾತು ಆಮೇಲೆ. ಹಾಕುವುದಾದರೂ ಮಳೆ ಬಿಡುವು ಕೊಟ್ಟಾಗ, ಚಮಚದಷ್ಟು, ಎರಡು ಮೂರು ಕಂತಿನಲ್ಲಿ, ಮಣ್ಣು ಮುಚ್ಚಿ. ಬದನೆ ಸಾಲಿನ ನಡುವೆಯೂ ಅಲಸಂದೆ ಹಾಕಿ, ಅದು ಪಕ್ಕದ ಗಿಡಕ್ಕೆ ಸಾರಜನಕ ಉಣಿಸುತ್ತದೆ.

ಮಣ್ಣು ಮಾಸ್ತರು

ಕೊನೆಯ ಮಾತು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ. ಬದುಕಿರುವ ಅಲಸಂದೆ ದಾನಿಯಲ್ಲ. ಹಿಡಿದದ್ದರಲ್ಲಿ ಬಹುಪಾಲನ್ನು ತಾನೇ ಇಟ್ಟುಕೊಂಡು ಕಾಳಿಗೆ ತುಂಬುತ್ತದೆ, ಕಾಳು ನಮ್ಮ ಹುಳಿಗೆ ಹೋಗುತ್ತದೆ. ಪಕ್ಕದ ಗಿಡಕ್ಕೆ ಹೇಳಿಕೊಳ್ಳುವಷ್ಟು ಸಿಗುವುದು ಬೇರು ಎಲೆ ಸತ್ತು ಕೊಳೆತ ಮೇಲೆ. ಕೊಯ್ಲಾದ ನಂತರ ಬಳ್ಳಿ ಕಿತ್ತು ಎಸೆಯದೆ ಬುಡ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಡಿ.

ಬೆಟ್ಟದ ಬುಡ

ನಿಮ್ಮ ಅತ್ತೆಯವರ ಮಾತಿಗೆ ನನ್ನ ಓಟು. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು ತರಗೆಲೆ ತರುವ ಕಾಡು, ಬಿಟ್ಟಿದ್ದು ಬ್ರಿಟಿಷರ ಕಾಲದಿಂದಲೂ ಇದೆ. ಹಸಿ ಸೊಪ್ಪನ್ನು ಮರದ ಬುಡಕ್ಕೆ ಹಾಕುವುದೂ ಉಂಟು. ಆದರೆ ತರಗೆಲೆ, ಒಣಹುಲ್ಲು ಮೊದಲು ಹೋಗುವುದು ದನದ ಕಾಲಡಿಗೆ. ರಾತ್ರಿಯೆಲ್ಲ ಸೆಗಣಿ, ಗಂಜಲ ಕುಡಿದು, ಬೆಳಿಗ್ಗೆ ಗುಂಡಿಗೆ ಇಳಿದು, ತಿಂಗಳುಗಟ್ಟಲೆ ಬೆಂದ ಮೇಲೆ ತೋಟಕ್ಕೆ. ಮಾಸ್ತರು ಹೇಳಿದ ಕಸಿದಾಟ ನಡೆಯುವುದು ಗುಂಡಿಯಲ್ಲಿ, ಗಂಜಲದ ಸಾರಜನಕದ ಮೇಲೆ. ತೋಟಕ್ಕೆ ಬರುವಷ್ಟರಲ್ಲಿ ಜಗಳ ಮುಗಿದಿರುತ್ತದೆ. ತುಂಬಿ ತುಳುಕಿದ ಗುಂಡಿ ಆರು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದಲ್ಲ, ಚಿಕ್ಕವನಿದ್ದಾಗ ಅದನ್ನು ಯಾರು ಕದ್ದರು ಎಂದು ನಾನು ಕೇಳುತ್ತಿದ್ದೆ. ಈಗ ತಿಳಿಯಿತು, ಇಂಗಾಲ ಗಾಳಿಗೆ ಹೋಗಿದೆ, ಬೆಟ್ಟದ ಮರಗಳು ಅದನ್ನೇ ಮತ್ತೆ ಎಲೆ ಮಾಡುತ್ತವೆ.

ಅಡಿಕೆ ಸಿಪ್ಪೆಯನ್ನು ಹಸಿಯಾಗಿ ತರಕಾರಿಗೆ ಹಾಕಿ ನಾನೂ ಒಂದು ವರ್ಷ ಮೆಣಸಿನ ಗಿಡ ಕಳೆದುಕೊಂಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಿವೃತ್ತ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಹತ್ತು ದಿನದ ವರದಿ ಕೊಡುತ್ತಿದ್ದೇನೆ. ಬೇರುಗಂಟು ಸೀಳಿದೆ, ಒಳಗೆ ನಸುಗೆಂಪು. ಮೂವತ್ತೊಂದು ವರ್ಷ ಪಾಠ ಮಾಡಿದರೂ ಒಮ್ಮೆಯೂ ಮಕ್ಕಳ ಕೈಯಲ್ಲಿ ಇದನ್ನು ಸೀಳಿಸಿರಲಿಲ್ಲ ಎಂದು ನಾಚಿಕೆಯಾಯಿತು. ಬದನೆ ಮಡಿಯ ಸುತ್ತ ಗೇಣು ಆಳದ ಕಾಲುವೆ ತೋಡಿಸಿದೆ. ಬಿಸಿಲು ಕಂಡ ದಿನ ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಲ ಬೆರೆಸಿ ಹಾಕಿದೆ. ಹಳದಿಯಾದ ಎಲೆಗಳು ಉದುರಿದವು, ಹೊಸದಾಗಿ ಬಂದ ಎರಡು ಮೂರು ಎಲೆ ಹಸಿರಾಗಿವೆ. ಒಂದು ಸಂದೇಹ: ಬೂಷ್ಟುಗಳು ಎತ್ತಿಕೊಂಡ ಸಾರಜನಕ ನನಗೆ ಖಾಯಂ ನಷ್ಟವೇ?

ಮಣ್ಣು ಮಾಸ್ತರು

ಇಲ್ಲ. ಅವು ಸತ್ತಾಗ ಅವುಗಳ ಮೈ ಇನ್ನೊಂದಕ್ಕೆ ಆಹಾರ. ತಿನ್ನಲು ಇಂಗಾಲ ಕಡಿಮೆಯಾದಂತೆ ಸಾರಜನಕ ಮಣ್ಣಿಗೆ ಮರಳುತ್ತದೆ. ಅಷ್ಟು ಹುಡಿಗೆ ಒಂದು ವರ್ಷ ಸಾಲದಿರಬಹುದು. ಅಲ್ಲಿಯವರೆಗೆ ಆ ಮಡಿಯಲ್ಲಿ ಅಲಸಂದೆಯಂಥ ದ್ವಿದಳ ಧಾನ್ಯವನ್ನೇ ಬೆಳೆಯಿರಿ, ಬದನೆಯ ಹಟ ಬೇಡ.

ನಿವೃತ್ತ ಅಕ್ಕೋರು

ಆಗಲಿ. ಉಳಿದ ಎರಡು ಚೀಲ ಹುಡಿಯನ್ನು ಇಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹರಡಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ.