ಸಹಾಯ ಬೇಕು: ಮ್ಯಾಕ್ಸ್‌ವಿಲ್ ಹೈಲ್ಯಾಂಡ್ ಗೇಮ್ಸ್‌ಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕೆನಡಾದ ಒಟ್ಟಾವಾ ಕಡೆಯ ಕನ್ನಡದವರಲ್ಲಿ ಯಾರಾದರೂ ಮ್ಯಾಕ್ಸ್‌ವಿಲ್ ಊರಲ್ಲಿ ನಡೆಯುವ ಗ್ಲೆಂಗ್ಯಾರಿ ಹೈಲ್ಯಾಂಡ್ ಗೇಮ್ಸ್‌ಗೆ, ಅಂದರೆ ಸ್ಕಾಟಿಷ್ ಆಟ-ಸಂಗೀತದ ಹಬ್ಬಕ್ಕೆ, ಹೋಗಿದ್ದೀರಾ? ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಬಂದವರು ನೆಲೆಸಿದ ಸೀಮೆ ಅದು. 1948ರಲ್ಲಿ ಶುರುವಾದ ಹಬ್ಬ. ಆ ವರ್ಷ ಪ್ರಧಾನಿ ಮೆಕೆಂಜಿ ಕಿಂಗ್ ಅವರೇ ಬಂದು ಉದ್ಘಾಟಿಸಿದ್ದರು.

ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಪ್ಪನಿಗೆ ವಾಲಗ ಅಂದರೆ ಪ್ರಾಣ. ಅಲ್ಲಿ ನುಡಿಸುವ ಬ್ಯಾಗ್‌ಪೈಪ್ ಅನ್ನುವ, ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯದ ವಿಡಿಯೊ ತೋರಿಸಿದೆ. ಹೆಗಲ ಮೇಲಿನ ಮೂರು ಕೊಳವೆಗಳು ಬಿಡದೆ ಒಂದೇ ಸ್ವರ ಹಿಡಿದಿರುತ್ತವಲ್ಲ, ಅದನ್ನು ಕೇಳಿ "ಇದು ನಮ್ಮ ವಾಲಗದವರ ಶ್ರುತಿನೇ ಕಣೋ" ಅಂದರು. ಈಗ ಹೋಗಲೇಬೇಕು ಅಂತ ಹಟ.

ಬ್ಯಾಗ್‌ಪೈಪ್ ಬ್ಯಾಂಡುಗಳೆಲ್ಲ ಒಟ್ಟಿಗೆ ಮೈದಾನಕ್ಕಿಳಿದು ನುಡಿಸುವಾಗ ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ? ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗಲ್ಲ. ಮಡಚುವ ಕುರ್ಚಿ ಒಯ್ಯಬಹುದಾ? ಬೇಸಿಗೆ ಬಿಸಿಲು ಬೇರೆ, ನೆರಳಿದೆಯಾ? ಸಸ್ಯಾಹಾರ ಸಿಗುತ್ತದಾ, ಇಲ್ಲ ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ವಾಸಿಯಾ?

ಮರದ ದಿಮ್ಮಿ ಎಸೆಯುವ ಕೇಬರ್ ಆಟ ಯಾವ ಹೊತ್ತಿಗೆ ಅಂತಲೂ ತಿಳಿಸಿ. ಎಷ್ಟು ದೂರ ಬಿತ್ತು ಅನ್ನುವುದು ಅದರಲ್ಲಿ ಲೆಕ್ಕಕ್ಕಿಲ್ಲ. ದಿಮ್ಮಿ ಮೇಲೆ ಕೆಳಗಾಗಿ ಪಲ್ಟಿ ಹೊಡೆದು, ಎಸೆದವನ ಮೂಗಿನ ನೇರಕ್ಕೆ ಬೀಳಬೇಕು. ಇದನ್ನು ಕೇಳಿದ ಮೇಲೆ ಅಮ್ಮನಿಗೂ ಆಸೆ ಬಂದಿದೆ!

ಇನ್ನೊಂದು. ಅಪ್ಪ ಪಂಚೆ ಉಟ್ಟುಕೊಂಡೇ ಬರುತ್ತಾರಂತೆ. ಕಿಲ್ಟ್ ಅನ್ನುವ ಸ್ಕಾಟಿಷ್ ಗಂಡಸರ ಲಂಗ ಉಟ್ಟವರ ನಡುವೆ ಯಾರೂ ಏನೂ ಅಂದುಕೊಳ್ಳಲ್ಲ, ಅಲ್ವಾ? ಹೋಗಿ ಬಂದವರು ದಯವಿಟ್ಟು ಹೇಳಿ. ಈ ಸಲ ಹೊರಟಿರುವವರಿದ್ದರೆ ಮೆಸೇಜ್ ಮಾಡಿ, ಜೊತೆಯಾಗಿ ಹೋಗೋಣ.